ಮಧ್ಯಾಹ್ನ ಮೂರರ ಸ್ನಾರ್ಕೆಲಿಂಗ್ ಸ್ಲಾಟ್: ಪಂಚಾಂಗ ನೋಡದೆ ವೋಚರ್ ಕಳಿಸಬೇಡಿ

ದಾವಣಗೆರೆ, ಚಿತ್ರದುರ್ಗದ ಡೆಸ್ಕ್‌ಗಳಿಂದ ಅಂಡಮಾನ್ ಗ್ರೂಪ್ ಕಳಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಡಿಕೆ ಕೊಯ್ಲು ಮುಗಿಸಿಕೊಂಡು ಚನ್ನಗಿರಿ ಕಡೆಯಿಂದ ಹೊರಟ ಒಂದು ಗ್ರೂಪ್‌ಗೆ ನೀಲ್ ದ್ವೀಪದಲ್ಲಿ (ಈಗಿನ ಶಹೀದ್ ದ್ವೀಪ) ಆದದ್ದು ಇವತ್ತಿಗೂ ಚುಚ್ಚುತ್ತದೆ. ಮೇಲಿನ ಆಫೀಸಿನಿಂದ ಬರುವ ಐಟಿನರಿಯಲ್ಲಿ 'ಡೇ 4, ಮಧ್ಯಾಹ್ನ 3, ಭರತ್‌ಪುರ್ ಬೀಚ್, ಸ್ನಾರ್ಕೆಲಿಂಗ್' (ಮಾಸ್ಕ್, ಉಸಿರುಕೊಳವೆ ಹಾಕಿ ತೇಲುತ್ತ ಹವಳ ನೋಡುವುದು) ಅಂತ ಇರುತ್ತದೆ. ಯಾವ ತಾರೀಕಾದರೂ ಅದೇ ಸಾಲು.

ಅವತ್ತು ಹುಣ್ಣಿಮೆ. ಜೆಟ್ಟಿ ಪಕ್ಕದಲ್ಲಿ ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಹವಳದ ತುದಿಗಳು ಹೊರಗೆ ಎದ್ದಿದ್ದವು, ಬೋಟ್‌ಗಳು ಮರಳಿನ ಮೇಲೆ ವಾಲಿಕೊಂಡಿದ್ದವು. 'ಇನ್ನು ಅರ್ಧ ಗಂಟೆಗೆ ನೀರು ಏರುತ್ತೆ, ಕಾಯೋಣ' ಅಂತ ಗೈಡ್ ಹೇಳಿದ. ಕಾದರು. ನೀರು ಏರಲಿಲ್ಲ. 'ಆಳ ಇರೋ ತನಕ ನಡಕೊಂಡೇ ಹೋಗ್ತೀವಿ ಬಿಡ್ರಿ' ಅಂತ ನಾಲ್ಕು ಜನ ಇಳಿದರು. 'ಸಾವ್ಕಾರ್ರೇ, ಹಿಂದೆ ಬರ್ರಿ, ಕಾಲು ಕುಯ್ತದೆ' ಅಂತ ಗೈಡ್ ಕೂಗುವುದು ಫೋನಿನಲ್ಲಿ ನಮಗೇ ಕೇಳುತ್ತಿತ್ತು. ಅಷ್ಟರಲ್ಲಿ ಒಬ್ಬರ ಅಂಗಾಲು ಕುಯ್ದಿತ್ತು. ಹವಳದ ಗಾಯ ಬೇಗ ಮಾಯುವುದಿಲ್ಲ, ಚೂರುಗಳು ಒಳಗೇ ಉಳಿಯುತ್ತವೆ. ಸೋಪು ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು.

ಅರ್ಧ ಗಂಟೆ ಕಾದದ್ದೇ ತಪ್ಪು ಲೆಕ್ಕ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಬೇಕು, ಆದರೆ ನೀರು ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಏರುವುದು ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆಯಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಪಾಲು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಅಲ್ಲಿನ ಏರಿಳಿತ ಹತ್ತಿರ ಹತ್ತಿರ ಎರಡು ಮೀಟರ್. ಅಂದರೆ ಮೊದಲ ಗಂಟೆಗೆ ಒಂದು ಗೇಣೂ ಏರುವುದಿಲ್ಲ. ಅಂಡಮಾನ್‌ನಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ, ಕಾಯುವುದಕ್ಕೆ ಹೊತ್ತೇ ಇರಲಿಲ್ಲ.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ವಾರ ಕಳೆದರೆ ಉಬ್ಬರವಿದ್ದ ಹೊತ್ತಿಗೆ ಇಳಿತ ಬಂದಿರುತ್ತದೆ. ಹಾಗಾಗಿ ಅದೇ ಮೂರು ಗಂಟೆ ಅಷ್ಟಮಿ ವಾರದಲ್ಲಿ ಹೋದ ಗ್ರೂಪ್‌ಗಳಿಗೆ ಸರಿಹೋಗಿತ್ತು, ಟೆಂಪ್ಲೇಟ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ತಾರೀಕು ಕನ್ಫರ್ಮ್ ಆದ ಕೂಡಲೇ ಪೋರ್ಟ್ ಬ್ಲೇರ್‌ನ (ಈಗಿನ ಶ್ರೀ ವಿಜಯಪುರಂ) ಟೈಡ್ ಟೇಬಲ್, ಅಂದರೆ ಉಬ್ಬರವಿಳಿತದ ವೇಳಾಪಟ್ಟಿ, ತೆರೆದು, ಉಬ್ಬರಕ್ಕೆ ಒಂದು ಗಂಟೆ ಮೊದಲು ಸ್ನಾರ್ಕೆಲಿಂಗ್ ಹಾಕಿ. ಆಗ ಹೊರಗಡಲಿನ ತಿಳಿನೀರು ಒಳಗೆ ಬರುತ್ತಿರುತ್ತದೆ. ಇಳಿಯುವಾಗ ಅದೇ ನೀರು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು ಹೊತ್ತು ಹೊರಡುತ್ತದೆ. ಲಕ್ಷ್ಮಣ್‌ಪುರ್‌ನ ಕಲ್ಲುಸೇತುವೆಗೆ ಇಳಿತವೇ ಬೇಕು, ಎರಡನ್ನೂ ಅದಲುಬದಲು ಮಾಡಿದರೆ ದಿನ ಕೂಡಿಬರುತ್ತದೆ.

ಜೆಟ್ಟಿ ಸುತ್ತ ಜಾಗ ಹುಡುಕುವಾಗ ಮೊದಲು ಸ್ಯಾಟಲೈಟ್ ಚಿತ್ರ ನೋಡಿ. ತಿಳಿಹಸಿರು ಬರಿ ಮರಳು, ಕಂದು ಕಲೆಗಳು ಹವಳ ಅಥವಾ ಹುಲ್ಲು, ಆಚೆ ಒಮ್ಮೆಲೇ ಕಡುನೀಲಿ ಆಗುವ ಗೆರೆಯೇ ಹವಳದ ಅಂಚು. ಮೀನು ಹೆಚ್ಚು ಇರುವುದು ಆ ಅಂಚಿನ ಈಚೆ, ಎರಡರಿಂದ ನಾಲ್ಕು ಮೀಟರ್ ಆಳದಲ್ಲಿ. ಅದಕ್ಕಿಂತ ಕೆಳಗೆ ಕೆಂಪು ಬಣ್ಣ ಮಾಸುತ್ತದೆ. ಫೆರಿ ಓಡಾಡುವ ದಾರಿ ಬೇಡ. ಹಳ್ಳ ಸೇರುವ ಬಾಯಿ, ಕಾಂಡ್ಲಾ ಕಾಡಿನ ಅಂಚು ಬೇಡವೇ ಬೇಡ, ಅಲ್ಲಿ ಉಪ್ಪುನೀರಿನ ಮೊಸಳೆ ಇರುತ್ತದೆ. ಅರಣ್ಯ ಇಲಾಖೆಯ ಬೋರ್ಡ್ ಇದ್ದಲ್ಲಿ ಬೋಟ್‌ನವರ ಮಾತಿಗೂ ಬೆಲೆ ಕೊಡಬೇಡಿ. ಡಿಸೆಂಬರ್, ಜನವರಿಯಲ್ಲಿ ಈಶಾನ್ಯದ ಗಾಳಿ, ಆ ಕಡೆಗೆ ತೆರೆದ ದಡದಲ್ಲಿ ನೀರು ಕದಡಿರುತ್ತದೆ, ಮರೆಯ ದಡ ಹಿಡಿಯಿರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ.

ಸೆಳೆತ ತಿಳಿಯಲು ಒಂಟಿ ಹಗ್ಗದಲ್ಲಿ ಲಂಗರು ಹಾಕಿದ ದೋಣಿ ನೋಡಿ. ಗಾಳಿ ಇಲ್ಲದಾಗ ಮೂತಿ ತಿರುಗಿದ ಕಡೆಯಿಂದಲೇ ನೀರು ಬರುತ್ತಿರುತ್ತದೆ. ಮೊದಲು ಆ ಕಡೆ ಈಜಿ ಹೋಗಬೇಕು, ವಾಪಸ್ ಬರುವಾಗ ಸೆಳೆತವೇ ತರುತ್ತದೆ. ಭದ್ರಾ ನಾಲೆಯಲ್ಲಿ ಈಜು ಕಲಿತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ನಾಲೆ ಒಂದೇ ದಿಕ್ಕಿಗೆ ಹರಿಯುತ್ತದೆ, ಇಲ್ಲಿ ಆರು ಗಂಟೆಗೊಮ್ಮೆ ದಿಕ್ಕು ತಿರುಗುತ್ತದೆ. ಕೈ ಬೀಸಿ, ತಲೆ ಎತ್ತಿ ಈಜುವ ಅಭ್ಯಾಸವೂ ಇಲ್ಲಿ ಕೆಲಸಕ್ಕೆ ಬಾರದು. ಮುಖ ಕೆಳಗೆ, ಕೈ ಸುಮ್ಮನೆ, ಸೊಂಟದಿಂದ ನಿಧಾನ ಕಾಲು.

ಮಾಸ್ಕ್ ಅನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಅಂಟಿಕೊಂಡರೆ ಅಳತೆ ಸರಿ. ದಪ್ಪ ಮೀಸೆಯವರಿಗೆ ಮೂಗಿನ ಕೆಳಗಿನಿಂದ ನೀರು ನುಗ್ಗುತ್ತದೆ. ಅಲ್ಲಿ ಕಿರುಬೆರಳ ಅಗಲಕ್ಕೆ ಟ್ರಿಮ್ ಮಾಡಿಸಿದರೆ ಸಾಕು, ಇದನ್ನು ಊರಲ್ಲೇ ಹೇಳಿ ಕಳಿಸಿ. ಕನ್ನಡಕ ನಡೆಯುವುದಿಲ್ಲ, ಪವರ್ ಲೆನ್ಸಿನ ಮಾಸ್ಕ್ ಮೊದಲೇ ಕೇಳಿಡಬೇಕು.

ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಡೈವಿಂಗ್ ಬೇಕೆನ್ನುವವರಿಗೆ ಹ್ಯಾವ್‌ಲಾಕ್ ದ್ವೀಪದ (ಈಗಿನ ಸ್ವರಾಜ್ ದ್ವೀಪ) ಜೆಟ್ಟಿ ಹತ್ತಿರವೇ ನೀಮೋ ರೀಫ್, ಲೈಟ್‌ಹೌಸ್, ದಿ ವಾಲ್ ಅನ್ನುವ ಡೈವ್ ಜಾಗಗಳಿವೆ. ಮೊದಲ ಸಲದವರಿಗೆ ನೀಮೋ. ದಿ ವಾಲ್ ಸರ್ಟಿಫಿಕೇಟ್ ಇದ್ದವರಿಗೆ, ಅದು ಒಮ್ಮೆಲೇ ಆಳಕ್ಕೆ ಇಳಿಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದು ನೋವು ಶುರುವಾಗುವ ಮೊದಲೇ ಆಗಬೇಕು. ನೆಗಡಿ ಇದ್ದವರನ್ನು ಇಳಿಸಬೇಡಿ. ಆಸ್ತಮಾ, ಹೃದಯದ ತೊಂದರೆ ಇದ್ದವರಿಗೆ ವೈದ್ಯರ ಚೀಟಿ ಬೇಕು, ಆ ಫಾರ್ಮ್ ಅನ್ನು ದಾವಣಗೆರೆಯಲ್ಲೇ ತುಂಬಿಸಿಕೊಳ್ಳಿ. ಬೀಚಲ್ಲಿ ಕೊಟ್ಟರೆ ಎಲ್ಲರೂ 'ಇಲ್ಲ' ಅಂತಲೇ ಗೀಚುತ್ತಾರೆ.

ಒಂದೇ ಡೈವ್ ಆದರೆ ವಿಮಾನಕ್ಕೆ ಕನಿಷ್ಠ 12 ಗಂಟೆ ಬಿಡುವು, ಎರಡು ಅಥವಾ ಹೆಚ್ಚಾದರೆ 18 ಗಂಟೆ. ಸಂಜೆ ನಾಲ್ಕಕ್ಕೆ ಎರಡನೇ ಡೈವ್ ಮುಗಿಸಿದವರನ್ನು ಮರುದಿನ ಬೆಳಗ್ಗೆ ಏಳರ ಬೆಂಗಳೂರು ವಿಮಾನ ಹತ್ತಿಸಿದರೆ ಸಿಗುವುದು ಹದಿನೈದೇ ಗಂಟೆ. ಡೈವ್ ಅನ್ನು ಹ್ಯಾವ್‌ಲಾಕ್‌ನ ಮೊದಲ ಬೆಳಗ್ಗೆಗೇ ಹಾಕಿ, ಗಾಳಿ ಕೆಟ್ಟರೆ ಮರುದಿನಕ್ಕೆ ತಳ್ಳಲೂ ಜಾಗ ಸಿಗುತ್ತದೆ.