ಐಡಿಯಾ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ

ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕುಳಿತು ಗ್ರಾಫಿಕ್ ಡಿಸೈನ್ ಮಾಡುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಲೇಬಲ್, ಜೇನುತುಪ್ಪದ ಬಾಟಲಿ, ಹೋಂಸ್ಟೇ ಬೋರ್ಡು, ಮದುವೆಯ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿಯ ಮುಖಪುಟ, ಹೀಗೆ ಹೊಟ್ಟೆಪಾಡು. ಕೆಲಸ ಇಂಥದ್ದೆಂದು ತಿಳಿದ ಕೂಡಲೇ ಎದುರಿನವರು ತಪ್ಪದೆ ಕೇಳುತ್ತಾರೆ: "ನಿಮಗೆ ಈ ಐಡಿಯಾಗಳೆಲ್ಲ ಎಲ್ಲಿಂದ ಬರುತ್ತವೆ?" ಅಷ್ಟಕ್ಕೇ ನಿಲ್ಲಿಸಿದರೆ ಏನೋ ಒಂದು ಹೇಳಿ ಪಾರಾಗಬಹುದು. ನಿಲ್ಲಿಸುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ: "ನಿಮಗೇನು ಬಿಡಿ, ಮಲೆನಾಡಿನಲ್ಲಿದ್ದೀರಿ. ಕಿಟಕಿ ತೆಗೆದರೆ ಸಾಕು, ಸ್ಫೂರ್ತಿಯೇ ಸ್ಫೂರ್ತಿ!" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಬೇಕಾದವರು ಓದಿಕೊಳ್ಳಲಿ.

ಜುಲೈಯಲ್ಲಿ ನಮ್ಮ ಮನೆಯ ಕಿಟಕಿ ತೆಗೆದರೆ ಒಳಗೆ ಬರುವುದು ಇರಚಲು. ಅದರ ಹಿಂದೆಯೇ ತೇವ. ಕ್ಯಾಮೆರಾ ಲೆನ್ಸಿನೊಳಗೆ ಬೂಷ್ಟು ಕೂರುತ್ತದೆ. ಅಂಟಿಸಿದ ಲೇಬಲ್ಲಿನ ಮೂಲೆ ಮರುದಿನ ಬೆಳಿಗ್ಗೆ ಎದ್ದು ನಿಂತಿರುತ್ತದೆ. ಕಾಗದ ತೇವ ಹೀರಿದರೆ ಅದರ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ಆಗ ನಾಲ್ಕು ಬಣ್ಣದ ಮುದ್ರಣದಲ್ಲಿ ಒಂದು ಬಣ್ಣ ಇನ್ನೊಂದರ ಮೇಲೆ ಸರಿಯಾಗಿ ಕೂರದೆ ಅಕ್ಷರದ ಅಂಚಿಗೆ ಕೆಂಪು ನೆರಳೊಂದು ಅಂಟಿಕೊಳ್ಳುತ್ತದೆ. ಶಿವಮೊಗ್ಗದಿಂದ ಪ್ರೆಸ್ಸಿನವರು ಫೋನ್ ಮಾಡಿ, "ರಿಜಿಸ್ಟರ್ ಹೋಗಿದೆ, ಏನು ಮಾಡುವುದು?" ಎನ್ನುತ್ತಾರೆ. ಇಲ್ಲಿ ಕರೆಂಟೂ ಹೋಗಿರುತ್ತದೆ. ಪ್ರಕೃತಿಯ ಮಡಿಲು ಎಂದರೆ ಇದು.

ಜೋಗ ಇಲ್ಲಿಂದ ಸುಮಾರು 30 ಕಿಲೋಮೀಟರ್. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿದ್ದೇನೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಬೆರಳು ಮಾಡಿ ತೋರಿಸಿದ್ದೇನೆ. ಅಲ್ಲಿ ನಿಂತು ಒಂದು ಲೇಬಲ್ಲೂ ಹೊಳೆದದ್ದಿಲ್ಲ. ಜಲಪಾತದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಯಾರೋ ಯಾವುದೋ ಪೇಚಿಗೆ ಸಿಕ್ಕಿ ಕಂಡುಕೊಂಡ ದಾರಿಯಲ್ಲ. ನನ್ನ ಕೆಲಸಕ್ಕೆ ಒದಗುವುದು ಅಂಥ ದಾರಿಗಳು ಮಾತ್ರ. ಜಾಗವಿಲ್ಲ, ಬೆಳಕಿಲ್ಲ, ದುಡ್ಡಿಲ್ಲ, ಮಳೆ ನಿಲ್ಲುತ್ತಿಲ್ಲ. ಆದರೂ ಕೆಲಸ ಆಗಬೇಕು ಎಂದಾಗ ಜನ ಏನು ಮಾಡುತ್ತಾರೋ ಅದು.

ಅಡಿಕೆ ಮಂಡಿಯ ಗೋಣಿಚೀಲವನ್ನೇ ನೋಡಿ. ನಮ್ಮ ಕಡೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಗೆ ದರ್ಜೆಗಳಿವೆ. ಚೀಲದ ಮೇಲೆ ಗುರುತು ಹಾಕಲು ತಗಡಿನಲ್ಲಿ ಅಕ್ಷರ ಕತ್ತರಿಸಿ ಅದರ ಮೇಲೆ ಮಸಿ ಒತ್ತುತ್ತಾರೆ. ಇಂಗ್ಲಿಷಿಗೆ ಇದು ಅಷ್ಟು ಕಷ್ಟವಲ್ಲ, ನೆಟ್ಟಗಿನ ಗೆರೆಗಳೇ ಹೆಚ್ಚು. ಕನ್ನಡದಲ್ಲಿ ಮುಚ್ಚಿದ ಸುತ್ತುಗಳು ಬೇಕಾದಷ್ಟು. 'ರ' ಕತ್ತರಿಸಿದರೆ ನಡುವಿನ ತಗಡು ಕೆಳಗೆ ಬೀಳುತ್ತದೆ, 'ಠ'ದ ಒಳಗಿನ ಚುಕ್ಕೆ ಕತ್ತರಿಸಲು ತಗಡೇ ಉಳಿಯುವುದಿಲ್ಲ, ಅನುಸ್ವಾರವಂತೂ ಬರೀ ತೂತಾಗುತ್ತದೆ. ಅದಕ್ಕೆ ತಗಡು ಕತ್ತರಿಸುವವನು ಸುತ್ತನ್ನು ಪೂರ್ತಿ ಬಿಡಿಸದೆ ನಡುನಡುವೆ ಸಣ್ಣ ಸೇತುವೆ ಉಳಿಸುತ್ತಾನೆ. ಅದನ್ನು ಎಲ್ಲಿ ಉಳಿಸಬೇಕು ಎಂಬುದರಲ್ಲೇ ಅವನ ಜಾಣತನವೆಲ್ಲ ಇದೆ. ತಲೆಕಟ್ಟಿನ ಹತ್ತಿರ ಬಿಟ್ಟರೆ ಅಕ್ಷರ ಮುರಿದಂತೆ ಕಾಣುತ್ತದೆ. ಸುತ್ತಿನ ಎಡಕ್ಕೊಂದು ಬಲಕ್ಕೊಂದು ಬಿಟ್ಟರೆ ಓದುವವರಿಗೆ ಸೇತುವೆ ಇರುವುದೇ ತಿಳಿಯುವುದಿಲ್ಲ. ನಾನು ಒಂದು ಬೆಲ್ಲದ ಡಬ್ಬಿಗೆ ಅಕ್ಷರ ಬರೆದಾಗ ಈ ಉಪಾಯವನ್ನೇ ಬಳಸಿದೆ. ನೋಡಿದವರೊಬ್ಬರು ಇದು ಜಪಾನಿನ ಶೈಲಿಯಾ ಎಂದು ಕೇಳಿದರು. ಇಲ್ಲ ಮಾರಾಯರೇ, ಅಡಿಕೆ ಮಂಡಿ.

ಬಣ್ಣದ ವಿಷಯ ಇನ್ನೊಂದು. ಮಲೆನಾಡು ಎಂದರೆ ಹಸಿರು ಎಂದು ಯಾರು ತೀರ್ಮಾನಿಸಿದರೋ ತಿಳಿಯದು. ಎಲ್ಲ ಗಿರಾಕಿಗಳೂ ಹಸಿರನ್ನೇ ಕೇಳುತ್ತಾರೆ. ಅಡಿಕೆ ಬೆಳೆಗಾರರ ಸಂಘವೊಂದರ ವಾರ್ಷಿಕ ವರದಿಗೆ ನಾನು ನೀಲಿ ಮುಖಪುಟ ಮಾಡಿಕೊಟ್ಟೆ. ನಿರ್ದೇಶಕರೊಬ್ಬರ ಮುಖ ಸಣ್ಣಗಾಯಿತು: "ಹಸಿರು ಇಲ್ಲವಲ್ಲ?" ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಸದಸ್ಯರು ಅದನ್ನು ಕೈಗೆ ತೆಗೆದುಕೊಂಡು, "ಇದು ಔಷಧಿ ಹೊಡೆಯುವ ಬಣ್ಣ ಅಲ್ಲವಾ?" ಎಂದರು. ಒಂದೇ ನೋಟಕ್ಕೆ ಹಿಡಿದಿದ್ದರು.

ಬೋರ್ಡೋ ದ್ರಾವಣದ ನೀಲಿ ಅದು. ಕೊಳೆರೋಗ ಬಾರದಿರಲೆಂದು ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗಳಿಗೆ ಹೊಡೆಯುವುದು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಕಡುನೀಲಿ ಹರಳಿನ ನೀರು ಸುಣ್ಣದ ತಿಳಿಯೊಂದಿಗೆ ಸೇರಿದ ಕೂಡಲೇ ಆಕಾಶದ ಬಣ್ಣಕ್ಕೆ ತಿರುಗುತ್ತದೆ. ಹದ ಬಂತೋ ಇಲ್ಲವೋ ಎಂದು ನೋಡಲು ಮಸೆದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆಮೇಲೆ ಇಡೀ ಊರಿಗೆ ಆ ನೀಲಿ. ಅಡಿಕೆ ಮರದ ಮೈಗೆ, ಡ್ರಮ್ಮಿನ ಅಂಚಿಗೆ, ಪೈಪಿಗೆ, ಮರ ಹತ್ತುವ ಕೊನೆಗಾರರ ಅಂಗಿಗೆ, ಉಗುರಿನ ಸಂದಿಗೆ. ಹಸಿರು ತೋಟದಲ್ಲಿ ಮನುಷ್ಯ ಹೋಗಿ ಬಂದ ಗುರುತೇ ಅದು.

ಈ ನೀಲಿಯ ಹಿಂದಿನ ಕಥೆ ನನಗೆ ಇನ್ನೂ ಇಷ್ಟ. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ಬೆಳೆಗಾರರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದದ್ದು ರೋಗಕ್ಕಲ್ಲ, ಕಳ್ಳರಿಗೆ. ಹಣ್ಣು ವಿಷದಂತೆ ಕಾಣಲಿ, ದಾರಿಹೋಕರು ಕೈಹಾಕದಿರಲಿ ಎಂದು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ನಮ್ಮ ಕೊಳೆರೋಗವನ್ನು ಅಧ್ಯಯನ ಮಾಡಿ, ಈ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದರು. ಅಂದರೆ ಮೊದಲು ಬಂದದ್ದು ಬಣ್ಣ, ಔಷಧಿ ಎಂದು ಗೊತ್ತಾದದ್ದು ಆಮೇಲೆ. ನಿರ್ದೇಶಕರಿಗೆ ಇದನ್ನೆಲ್ಲ ಹೇಳಿದೆ. ಅವರು ಸಹನೆಯಿಂದ ಕೇಳಿ, "ಹಿಂದಿನ ರಟ್ಟಾದರೂ ಹಸಿರು ಇರಲಿ" ಎಂದರು. ಇದ್ದರೆ ಇರಲಿ ಎಂದು ಬಿಟ್ಟೆ, ಹಿಂದಿನ ರಟ್ಟಿನಲ್ಲಿ ಹೇಗೂ ಆಡಳಿತ ಮಂಡಳಿಯ ಫೋಟೋಗಳಿರುತ್ತವೆ.

ಆದರೆ ಈ ಬರಹಕ್ಕೆ ಕಾರಣ ನಿರ್ದೇಶಕರಲ್ಲ, ಹೋಂಸ್ಟೇ ಕಟ್ಟಿಸಿದ ಇನ್ನೊಬ್ಬರು. ಹೆಸರು ಬೇಡ, ಒಳ್ಳೆಯ ಊಟ ಹಾಕಿದ್ದಾರೆ. ಕಾಫಿ ಕೊಟ್ಟು, ಅದೇ ಪ್ರಶ್ನೆ ಕೇಳಿ, ಅದೇ ಉತ್ತರವನ್ನೂ ತಾವೇ ಹೇಳಿ, ಮೊಬೈಲ್ ತೆಗೆದರು. ಅದರಲ್ಲಿ ಹಸೆ ಚಿತ್ತಾರದ, ಅಂದರೆ ಮದುವೆಗೆ ಗೋಡೆಯ ಮೇಲೆ ಬರೆಯುವ ಚಿತ್ತಾರದ, ಅಂಚೊಂದರ ಚಿತ್ರ. ಎಲ್ಲಿಂದಲೋ ಇಳಿಸಿಕೊಂಡದ್ದು. ಊಟದ ಪಟ್ಟಿಗೆ, ದಿಂಬಿನ ಚೀಲಕ್ಕೆ, ಸಾಬೂನಿನ ಪೊಟ್ಟಣಕ್ಕೆ, ಎಲ್ಲದಕ್ಕೂ ಇದು ಬೇಕಂತೆ. ಜೊತೆಗೆ ಚಿತ್ತಾರದಲ್ಲಿರುವ ಮದುಮಗ, ಮದುಮಗಳ ಗೊಂಬೆಗಳನ್ನು ಬಿಡಿಸಿಕೊಂಡು ಶೌಚಾಲಯದ ಬಾಗಿಲಿಗೆ ಹಾಕಬೇಕಂತೆ, ಗಂಡಸರಿಗೊಂದು, ಹೆಂಗಸರಿಗೊಂದು.

"ಹಸೆಯ ಮೇಲೆ ಕೂರಬೇಕಾದ ಮದುಮಕ್ಕಳನ್ನು ಪಾಯಿಖಾನೆಗೆ ಕಳಿಸುತ್ತೀರಾ?" ಎಂದೆ.

ಅವರು ನಕ್ಕರು. ಜೋಕು ಎಂದುಕೊಂಡಿರಬೇಕು. "ಅಲ್ಲ, ಇದು ಜಾನಪದ ಅಲ್ಲವಾ? ಎಲ್ಲರದ್ದೂ ತಾನೇ?"

ಜಾನಪದ ಎಂದುಬಿಟ್ಟರೆ ಹೆಸರು ಕೇಳುವುದು, ದುಡ್ಡು ಕೊಡುವುದು ಎರಡೂ ತಪ್ಪುತ್ತವೆ. ಹಸೆ ಚಿತ್ತಾರ ಎಲ್ಲರದ್ದೂ ಅಲ್ಲ. ಸಾಗರ, ಸೊರಬ, ಹೊಸನಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುತ್ತ ಬಂದದ್ದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಯಲ್ಲಿ ಅದರ ಮುಂದೆ ಮದುಮಕ್ಕಳನ್ನು ಕೂರಿಸುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆದು, ಅದರಲ್ಲಿ ಗದ್ದೆಗೆ ಎಡೆ ಹೊತ್ತೊಯ್ಯುತ್ತಾರೆ. ಎಲ್ಲಿ ಯಾವುದು ಬರಬೇಕು ಎಂಬುದಕ್ಕೆ ಲೆಕ್ಕವಿದೆ. ಅದರಿಂದ ಒಂದು ಮೂಲೆ ಕತ್ತರಿಸಿ ಸಾಬೂನಿಗೆ ಸುತ್ತುವುದನ್ನು ಡಿಸೈನ್ ಎಂದು ನಾನು ಕರೆಯಲಾರೆ.

ಆ ದಿನದಿಂದ ನನ್ನ ತಲೆಯಲ್ಲಿ ಪ್ರಶ್ನೆಯೇ ಬೇರೆಯಾಗಿದೆ. ಐಡಿಯಾ ಎಲ್ಲಿಂದ ಬಂತು ಎಂದು ಕೇಳಬೇಡಿ. ಯಾರಿಂದ ತೆಗೆದುಕೊಂಡೆ, ಅವರಿಗೆ ಗೊತ್ತೇ ಎಂದು ಕೇಳಿ. ಇದನ್ನು ಈವರೆಗೆ ಯಾರೂ ಕೇಳಿಲ್ಲ, ಹೋಂಸ್ಟೇಯವರಂತೂ ಕೇಳುವುದಿಲ್ಲ.

ಹಾಗಾದರೆ ನೀನು ಮಂಡಿಯ ಚೀಲದಿಂದ ತೆಗೆದುಕೊಂಡೆಯಲ್ಲ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ, ಗೊತ್ತು. ಚೀಲದಿಂದ ನಾನು ಕಲಿತದ್ದು ಉಪಾಯ. ಅಕ್ಷರವನ್ನು ನಾನೇ ಬರೆದಿದ್ದೇನೆ. ನೋಡಿ ಕಲಿಯುವುದಕ್ಕೂ ಎತ್ತಿಕೊಂಡು ಹೋಗುವುದಕ್ಕೂ ನಡುವೆ ಗೆರೆ ಇದೆ. ಅದು ಕೆಲವು ಕಡೆ ತೆಳುವಾಗಿದೆ ಎಂಬುದನ್ನೂ ಒಪ್ಪುತ್ತೇನೆ. ತೆಳುವಾಗಿದ್ದಲ್ಲಿ ಹೋಗಿ ಕೇಳುತ್ತೇನೆ.

ಹಾಗೆ ಕೇಳಲು ಹೋದದ್ದು ಶಿವಮೊಗ್ಗದ ಬೋರ್ಡ್ ಬರೆಯುವವರೊಬ್ಬರ ಮನೆಗೆ. ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ಅವರು ಬರೆದ ತಗಡಿನ ಬೋರ್ಡು ಇನ್ನೂ ಇದೆ. 'ಸ್ಟೋರ್ಸ್' ಎಂಬಲ್ಲಿ 'ಟ' ಒತ್ತು ಕೆಳಗಿಳಿದು ಎರಡನೆಯ ಸಾಲಿಗೆ ತಾಗುತ್ತಿತ್ತು. ಕಂಪ್ಯೂಟರಿನಲ್ಲಾದರೆ ನಾವು ಸಾಲುಗಳನ್ನು ದೂರ ಸರಿಸುತ್ತೇವೆ, ಅಷ್ಟೇ. ತಗಡು ಅಷ್ಟೇ ಎತ್ತರ ಇದ್ದುದರಿಂದ ಅವರು ಒತ್ತಿನ ಬಾಲವನ್ನು ಎಡಕ್ಕೆ ಎಳೆದು, ಇಡೀ ಅಂಗಡಿಯ ಹೆಸರಿಗೆ ಅಡಿಗೆರೆಯನ್ನಾಗಿ ಮಾಡಿದ್ದರು. ಎರಡನೆಯ ಸಾಲು ಆ ಗೆರೆಗೆ ನೇತುಹಾಕಿದಂತೆ ಕೂತಿತ್ತು. ಆ ಬಾಲ ನನಗೆ ಒಂದು ಲೇಬಲ್ಲಿಗೆ ಹಾಗೇ ಬೇಕಿತ್ತು.

"ಅದಕ್ಕೆ ನನ್ನನ್ನು ಯಾಕೆ ಕೇಳುತ್ತೀ ಮಾರಾಯ್ತಿ? ಅಕ್ಷರ ಏನು ನನ್ನ ಅಪ್ಪನ ಆಸ್ತಿಯಾ?" ಎಂದರು. ಆಮೇಲೆ, "ಈಗ ಫ್ಲೆಕ್ಸಿಗೆ ಚದರಡಿಗೆ ಎಷ್ಟು ತೆಗೆದುಕೊಳ್ಳುತ್ತಾರೆ?" ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಷ್ಟಕ್ಕೆ ತಮಗೆ ಪೇಂಟೂ ಬರುವುದಿಲ್ಲ ಎಂದರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. ನಾಯಕರ ಹುಟ್ಟುಹಬ್ಬ ಮಾಡುವವರಿಗೆ ಸುದ್ದಿ ಇನ್ನೂ ತಲುಪಿಲ್ಲ. ದುಡ್ಡು ಬೇಡವೆಂದ ಅವರಿಂದ ಆ ಲೇಬಲ್ಲಿನ ಹೆಸರನ್ನೇ ಕೈಯಲ್ಲಿ ಬರೆಸಿಕೊಂಡೆ. ಅದಕ್ಕೆ ಕೂಲಿ ಬೇಡ ಎನ್ನಲಿಲ್ಲ.

ಹೋಂಸ್ಟೇಯ ಕಥೆ ಏನಾಯಿತೆಂದರೆ, ಪಟ್ಟು ಹಿಡಿದೆ. ಚಿತ್ತಾರ ಬೇಕಾದರೆ ಬರೆಯುವವರನ್ನೇ ಕರೆಸಿ, ಗೋಡೆಯ ಮೇಲೆ ಬರೆಸಿ, ಉಳಿದ ಕಡೆ ನಾನು ಅಕ್ಷರ ಮಾತ್ರ ಮಾಡುತ್ತೇನೆ ಎಂದೆ. ಅವರು ಲೆಕ್ಕ ಹಾಕಿ, ಗೊಣಗಿ, ಒಪ್ಪಿದರು. ಬರೆಯಲು ಬಂದ ಅಕ್ಕನ ಪಕ್ಕದಲ್ಲಿ ಆ ಮಧ್ಯಾಹ್ನ ಕುಳಿತಿದ್ದೆ. ಕುಂಚವನ್ನು ಅಕ್ಕಿ ಹಿಟ್ಟಿಗೆ ಅದ್ದಿ ಗೆರೆ ಎಳೆದರೆ ಮೊದಲು ದಪ್ಪ, ಹಿಟ್ಟು ಮುಗಿಯುತ್ತ ಬಂದಂತೆ ಸಣ್ಣ, ಮತ್ತೆ ಅದ್ದಿದಲ್ಲಿ ಮತ್ತೆ ದಪ್ಪ. ಗೋಡೆಯ ಮೇಲೆ ಎಲ್ಲೆಲ್ಲಿ ಕುಂಚ ಅದ್ದಿದ್ದಾರೆ ಎಂದು ಎಣಿಸಬಹುದು. ಕೆಮ್ಮಣ್ಣು ಬೇಗ ಹೀರುವಲ್ಲಿ ಗೆರೆಯ ಅಂಚು ಒರಟಾಗುತ್ತದೆ. ಅವರು ಅದನ್ನು ತಿದ್ದಲು ಹೋಗುವುದಿಲ್ಲ, ಮುಂದಿನ ಗೆರೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಅಳತೆಪಟ್ಟಿ ಇಲ್ಲ, ದಾರವೂ ಇಲ್ಲ.

ನಡುವೆ ನನ್ನ ಲ್ಯಾಪ್‌ಟಾಪಿನಲ್ಲಿ ಆ ಇಳಿಸಿಕೊಂಡ ಅಂಚನ್ನು ನೋಡಿದರು. "ಎಲ್ಲ ಗೆರೆಯೂ ಒಂದೇ ದಪ್ಪ ಇದೆಯಲ್ಲ ತಂಗೀ" ಎಂದರು. ಇಂಥದ್ದಕ್ಕೆ ಎಷ್ಟು ಕೊಡುತ್ತಾರೆ ಎಂದು ಕೇಳಿದರು. ನಿಜವನ್ನೇ ಹೇಳಿದೆ. ಅವರು ತಮ್ಮ ದಿನದ ಕೂಲಿಯನ್ನು ಅಲ್ಲೇ ಏರಿಸಿದರು. ಹೋಂಸ್ಟೇಯವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಈಗ ನನ್ನ ದರಪಟ್ಟಿಯಲ್ಲಿ ಪ್ರತ್ಯೇಕ ಸಾಲೊಂದಿದೆ: ಮೂಲ ಕೆಲಸಗಾರರಿಗೆ. ಗಿರಾಕಿಗಳು ಮೊದಲು ಹೊಡೆದುಹಾಕುವುದು ಅದನ್ನೇ. ಆ ಸಾಲು ಹೋದರೆ ಚಿತ್ತಾರವೂ ಹೋಗುತ್ತದೆ, ಬೋರ್ಡಿನವರ ಅಕ್ಷರವೂ ಹೋಗುತ್ತದೆ. ಉಳಿದದ್ದಕ್ಕೆ ಹಸಿರು ಬಣ್ಣ ಬಳಿದು, ಒಂದು ಜಲಪಾತ ಇಟ್ಟು, ಎರಡೇ ದಿನದಲ್ಲಿ ಕಳಿಸಿಕೊಡುತ್ತೇನೆ. ಅದಕ್ಕೂ ದರ ಅಷ್ಟೇ.