ಇಪ್ಪತ್ತೋ ಎಪ್ಪತ್ತೋ

ಪಂಪ್‌ಹೌಸಿನ ಗೋಡೆ ಫೋನಿನಲ್ಲಿ ನಾನು ಹೇಳಿದ ಒಂದು "ಹೂಂ ಸರ್" ಇವತ್ತಿಗೂ ಚುಚ್ಚುತ್ತದೆ.

ರಾತ್ರಿ ಪಾಳಿ. ಮೂರು ಪಂಪ್ ಓಡುತ್ತಿದ್ದವು. ಆ ಜಾಗದಲ್ಲಿ ರಿಂಗ್ ಕೇಳಿಸುವುದೇ ಇಲ್ಲ. ಫೋನಿನ ಮೇಲಿರುವ ಕೆಂಪು ದೀಪ ಮಿನುಗಿದರೆ ಓಡಿ ಹೋಗಿ ಎತ್ತಬೇಕು. ದೀಪ ಮಿನುಗಿತು. ಇಯರ್‌ಮಫ್ ಕತ್ತಿಗೆ ಇಳಿಸಿ ರಿಸೀವರ್ ಎತ್ತಿದೆ. ಪ್ಯಾನೆಲ್‌ನಿಂದ, ಅಂದರೆ ಕಂಟ್ರೋಲ್ ರೂಮಿನಿಂದ, ಶಿಫ್ಟ್ ಇನ್‌ಚಾರ್ಜ್ ಮಾತಾಡುತ್ತಿದ್ದರು.

"ಬೈಪಾಸ್ ...ಪ್ಪತ್ತಕ್ಕೆ ತಗೊಂಡ್ಬಾ."

"ಎಷ್ಟು ಸರ್?"

ಅವರು ಇನ್ನೂ ಜೋರಾಗಿ ಹೇಳಿದರು. ಮತ್ತೆ "...ಪ್ಪತ್ತು" ಮಾತ್ರ ಕೇಳಿಸಿತು. ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡು ಮತ್ತೆ ಕೇಳಿದೆ. ಈ ಸಲ ಅವರ ದನಿಯಲ್ಲಿ ಸಿಡುಕು ಇತ್ತು. ನಾಲ್ಕನೇ ಸಲ ಕೇಳಲು ನಾಚಿಕೆಯಾಯಿತು. ಬೈಪಾಸ್ ವಾಲ್ವ್ ಹೆಚ್ಚು ತೆರೆದಷ್ಟೂ ಪ್ರೆಶರ್ ಇಳಿಯುತ್ತದೆ, ಮುಚ್ಚಿದಷ್ಟೂ ಏರುತ್ತದೆ. ಅದು ಆಗ ನಲವತ್ತರಲ್ಲಿತ್ತು. ಸಂಜೆಯಿಂದ ಹೆಡರ್, ಅಂದರೆ ಪಂಪುಗಳೆಲ್ಲ ಸೇರುವ ದೊಡ್ಡ ಪೈಪಿನ, ಪ್ರೆಶರ್ ಏರುತ್ತಲೇ ಇತ್ತು. ಹಾಗಾದ್ರೆ ಇನ್ನಷ್ಟು ತೆರೆಯೋಕೆ ಹೇಳ್ತಿದ್ದಾರೆ, ಎಪ್ಪತ್ತೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡೆ. "ಹೂಂ ಸರ್" ಅಂದು ಫೋನ್ ಇಟ್ಟೆ.

ಅವರು ಹೇಳಿದ್ದು ಇಪ್ಪತ್ತು. ಆ ಕಡೆ ಇನ್ನೊಂದು ಯಂತ್ರ ಶುರು ಮಾಡುವವರಿದ್ದರು, ಅದಕ್ಕೆ ಪ್ರೆಶರ್ ಬೇಕಿತ್ತು. ನನಗೆ ಆ ವಿಷಯ ಗೊತ್ತಿರಲಿಲ್ಲ.

ಅದು ಗೇರ್ ಇರುವ ವಾಲ್ವ್. ಚಕ್ರ ಎಷ್ಟೋ ಸುತ್ತು ತಿರುಗಿಸಿದರೆ ಮುಳ್ಳು ಒಂದಿಷ್ಟು ಸರಿಯುತ್ತದೆ. ಮುಳ್ಳು ಅರವತ್ತು ದಾಟುವಾಗ ದೀಪ ಮತ್ತೆ ಮಿನುಗಿತು. ಇಷ್ಟು ಮುಗಿಸಿಯೇ ಎತ್ತೋಣ ಅಂದುಕೊಂಡು ಎಪ್ಪತ್ತಕ್ಕೆ ತಂದು ನಿಲ್ಲಿಸಿದೆ. ಫೋನ್ ಎತ್ತಿದರೆ ಆ ಕಡೆ ಕಿರುಚಾಟ. ಕೇಳಿಸಿದ್ದು "...ಚ್ಚು! ...ಚ್ಚು!" ಮುಚ್ಚು ಅಂದ್ರಾ, ಹೆಚ್ಚು ಅಂದ್ರಾ? ಒಂದು ಕೈಯಲ್ಲಿ ರಿಸೀವರ್. ಚಕ್ರ ಎಂಟು ಹೆಜ್ಜೆ ದೂರ. ಕೆಲವು ಸೆಕೆಂಡ್ ಹಾಗೇ ನಿಂತುಬಿಟ್ಟೆ. ಆಮೇಲೆ ಗೇಜ್ ಕಡೆ ತಿರುಗಿ ನೋಡಿದೆ. ಮುಳ್ಳು ಕೆಳಗೆ ಜಾರುತ್ತಿತ್ತು. ರಿಸೀವರ್ ಅಲ್ಲೇ ನೇತಾಡಲು ಬಿಟ್ಟು ಓಡಿ ಚಕ್ರ ಹಿಡಿದೆ. ಅರ್ಧ ಮುಚ್ಚುವಷ್ಟರಲ್ಲಿ ಆ ಕಡೆ ಯಂತ್ರ ಲೋ ಪ್ರೆಶರ್‌ನಲ್ಲಿ ಟ್ರಿಪ್ ಆಗಿ ತಾನಾಗಿಯೇ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಲೈನ್ ಎರಡು ಗಂಟೆ ನಿಂತಿತು.

ಬೆಳಿಗ್ಗೆ ರಿಪೋರ್ಟ್‌ನಲ್ಲಿ "ಫೋನಿನ ವಾಲ್ಯೂಮ್ ಸಾಲದು" ಅಂತ ಬರೆದೆ. ಮನಸಾರೆ ಹಾಗೇ ನಂಬಿದ್ದೆ. ಮೇಲಿನವರು "ಫೋನಿನಲ್ಲಿ ಗಮನವಿಟ್ಟು ಕೇಳತಕ್ಕದ್ದು" ಅಂತ ಸರ್ಕ್ಯುಲರ್ ಹಾಕಿದರು, ಒಂದು ನಾಯ್ಸ್ ಕ್ಯಾನ್ಸಲಿಂಗ್ ಬ್ಲೂಟೂತ್ ಹೆಡ್‌ಸೆಟ್ ತರಿಸಿದರು. ಎರಡರಿಂದಲೂ ನನ್ನ ಕಷ್ಟ ತೀರಲಿಲ್ಲ. ಮೈಕ್ ಕಡೆಯ ನಾಯ್ಸ್ ಕ್ಯಾನ್ಸಲಿಂಗ್ ನನ್ನ ಮಾತನ್ನು ಶುದ್ಧ ಮಾಡಿ ಆ ಕಡೆಯವರಿಗೆ ಕೊಡುತ್ತದೆ. ನನ್ನ ಕಿವಿಗೆ ಅದರಿಂದ ಏನೂ ಸಿಗುವುದಿಲ್ಲ. ಕಿವಿ ಕಡೆಯದು ಒಂದೇ ಸಮ ಬರುವ ಗುಂಯ್ ಸದ್ದನ್ನು ಚೆನ್ನಾಗಿ ಇಳಿಸುತ್ತದೆ. ಆದರೆ ನಮಗೆ ಕೊಟ್ಟ ಹೆಡ್‌ಸೆಟ್ ಕಿವಿಯನ್ನು ಸರಿಯಾಗಿ ಮುಚ್ಚುತ್ತಲೇ ಇರಲಿಲ್ಲ. ಕೊಳ್ಳುವ ಮುಂಚೆ ಯಾರಾದರೂ ಪಂಪ್‌ಹೌಸಿಗೆ ಬಂದು ಒಂದು ಸಲ ಹಾಕಿ ನೋಡಬೇಕಿತ್ತು ಅಲ್ವಾ? ಯಾರೂ ಬರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಹಿರಿಯ ಫಿಟ್ಟರ್. ನಾನು ಫೋನಿಗೆ ಬಗ್ಗಿ ನಿಂತಿದ್ದನ್ನು ಕಂಡು ಹತ್ತಿರ ಬಂದು, ರಿಸೀವರಿನ ಕೆಳತುದಿಯನ್ನು, ಅಂದರೆ ಮಾತಾಡುವ ಕಡೆಯನ್ನು, ತಮ್ಮ ಅಂಗೈಯಿಂದ ಒತ್ತಿ ಮುಚ್ಚಿದರು. ಪಂಪಿನ ಸದ್ದು ಕಿವಿಯೊಳಗೆ ತಟ್ಟನೆ ತಗ್ಗಿತು. ಪ್ಯಾನೆಲ್‌ನವರ ಮಾತು ಬಿಡಿಬಿಡಿಯಾಗಿ ಕೇಳಿಸಿತು. "ಕೇಳುವಾಗ ಮುಚ್ಕೋ, ಮಾತಾಡುವಾಗ ಬಿಡು ಕಣಪ್ಪಾ, ಅಷ್ಟೇ" ಅಂದರು. ನನಗೆ ನಂಬಿಕೆ ಬರಲಿಲ್ಲ. ಕೈ ತೆಗೆದೆ, ಮುಚ್ಚಿದೆ, ತೆಗೆದೆ. ಪ್ರತಿ ಸಲವೂ ಅದೇ ವ್ಯತ್ಯಾಸ.

ಕಾರಣ ಸೈಡ್‌ಟೋನ್. ತಂತಿಯ ಫೋನಿನಲ್ಲಿ ನಮ್ಮ ಮಾತಿನ ಒಂದು ಪಾಲು ನಮ್ಮ ಕಿವಿಗೇ ವಾಪಸ್ ಬರುತ್ತದೆ. ಅದು ಇಲ್ಲದಿದ್ದರೆ ಫೋನ್ ಸತ್ತುಹೋಗಿದೆ ಅನ್ನಿಸುತ್ತದೆ, ಮಾತಾಡುವವರು ಕಿರುಚತೊಡಗುತ್ತಾರೆ. ಅದಕ್ಕೇ ಬೇಕಂತಲೇ ಇಟ್ಟಿರುತ್ತಾರೆ. ಆದರೆ ಮೈಕ್‌ಗೆ ನನ್ನ ಮಾತು ಯಾವುದು, ಪಂಪ್ ಯಾವುದು ಅಂತ ಗೊತ್ತಾಗುವುದಿಲ್ಲ. ಇಡೀ ಹಾಲಿನ ಸದ್ದು ಮೈಕ್‌ನಿಂದ ಒಳಗೆ ಬಂದು, ನಾನು ಒತ್ತಿ ಹಿಡಿದ ಅದೇ ಕಿವಿಗೆ ಬೀಳುತ್ತಿತ್ತು. ನಾನು ಬೆರಳಿಟ್ಟು ಕಾಯುತ್ತಿದ್ದದ್ದು ಇನ್ನೊಂದು ಕಿವಿಯನ್ನು. ಸೈಡ್‌ಟೋನ್ ಇರುವ ಹೆಡ್‌ಸೆಟ್ ಆದರೆ ಮ್ಯೂಟ್ ಒತ್ತಿದರೆ ಸಾಮಾನ್ಯವಾಗಿ ಇದೇ ಕೆಲಸ ಆಗುತ್ತದೆ. ಮೊಬೈಲ್‌ಗಳಲ್ಲಿ ಸೈಡ್‌ಟೋನ್ ಕಡಿಮೆ, ಅಲ್ಲಿ ಅಂಗೈಯಿಂದ ಅಷ್ಟು ಲಾಭ ಇಲ್ಲ.

ಆದರೂ ಇಪ್ಪತ್ತು ಯಾಕೆ ಎಪ್ಪತ್ತಾಯಿತು ಅನ್ನುವುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಈ ಎರಡು ಪದಗಳಲ್ಲಿ ಬೇರೆ ಇರುವುದು ಮೊದಲ ಸ್ವರ ಒಂದೇ. ಇ ಮತ್ತು ಎ ನಡುವಿನ ವ್ಯತ್ಯಾಸದ ದೊಡ್ಡ ಪಾಲು ತಗ್ಗು ಕಂಪನಗಳಲ್ಲಿದೆ, ಸುಮಾರು 300ರಿಂದ 500 ಹರ್ಟ್ಜ್ ಆಸುಪಾಸಿನಲ್ಲಿ. ಹಳೆಯ ಫೋನ್ ಲೈನ್ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ. ಅಂದರೆ ಆ ವ್ಯತ್ಯಾಸ ಲೈನಿನ ಕೆಳ ಅಂಚಿಗೇ ತಾಗಿಕೊಂಡಿದೆ. ಮೋಟಾರಿನ ಗುಂಯ್ ಸದ್ದು ಮುಚ್ಚುವುದೂ ಮೊದಲು ಅಲ್ಲಿಯೇ. ಉಳಿಯುವುದು "ಪ್ಪತ್ತು".

ಕಿರುಚಿದರೂ ಪ್ರಯೋಜನ ಇಲ್ಲ. ಗದ್ದಲದಲ್ಲಿ ಮನುಷ್ಯ ತಾನಾಗಿಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ದಾಖಲಿಸಿದ, ಇದಕ್ಕೆ ಅವನ ಹೆಸರೇ ಇದೆ. ಕಿರುಚಿದಾಗ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅಷ್ಟು ಏರುವುದಿಲ್ಲ. ಆ ರಾತ್ರಿ ನನಗೆ "ಮು" ಸಿಗದೇ ಹೋದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಕಿರುಚುವ ಬದಲು ಮೈಕನ್ನು ಬಾಯಿಗೆ ಹತ್ತಿರ ತರಬೇಕು. ದೂರ ಅರ್ಧವಾದರೆ ಮಾತು ಸುಮಾರು 6 ಡೆಸಿಬೆಲ್ ಮೇಲೇಳುತ್ತದೆ, ಸುತ್ತಲಿನ ಸದ್ದು ಇದ್ದಷ್ಟೇ ಇರುತ್ತದೆ. ಇದೇ ಕಾರಣಕ್ಕೆ ಗದ್ದಲದಲ್ಲಿ ಸ್ಪೀಕರ್ ಆನ್ ಮಾಡಿ, ಮೊಬೈಲನ್ನು ಅಂಗೈ ಮೇಲಿಟ್ಟುಕೊಂಡು ಮಾತಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಹಳಷ್ಟು ಮೊಬೈಲ್‌ಗಳಲ್ಲಿ ಮೇಲೆ ಅಥವಾ ಹಿಂದೆ ಇನ್ನೊಂದು ಸಣ್ಣ ಮೈಕ್ ಇರುತ್ತದೆ. ಗದ್ದಲವನ್ನು ಗುರುತಿಸಿ ಕಳೆಯುವುದಕ್ಕೆ ಅದು ಬೇಕು. ಅದನ್ನು ಬೆರಳಿನಿಂದಲೋ ಕವರ್‌ನಿಂದಲೋ ಮುಚ್ಚಿದರೆ ಆ ಕಡೆಯವರಿಗೆ ಬರೀ ಗದ್ದಲ. ಇನ್ನು, ಕಿವಿ ಕಡೆಯ ಜಾಲರಿಯಲ್ಲಿ ಧೂಳು ತುಂಬಿ ಸದ್ದು ಕುಗ್ಗಿದ ಫೋನ್‌ಗಳು ನಮ್ಮ ಪಾಳಿಯಲ್ಲೇ ಎರಡು ಸಿಕ್ಕವು. ಒಣಗಿದ ಮೆತ್ತನೆಯ ಬ್ರಷ್ ಸಾಕಾಯಿತು.

ಜಾಗದ ವಿಷಯ ಬೇರೆ. ಸಿಮೆಂಟ್ ಗೋಡೆಯ ಹಾಲಿನಲ್ಲಿ ಪಂಪಿನಿಂದ ಹತ್ತು ಹೆಜ್ಜೆ ದೂರ ಹೋದರೂ ಸದ್ದು ಹೆಚ್ಚೇನೂ ಇಳಿಯುವುದಿಲ್ಲ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬಾಗಿಲು ದಾಟಿ ಗೋಡೆಯ ಆ ಬದಿಗೆ ಹೋದರೆ ನಿಜವಾಗಿ ಇಳಿಯುತ್ತದೆ. ಫೋನನ್ನು ಬಾಗಿಲಾಚೆಗೆ ಹಾಕಿ, ಆಗದಿದ್ದರೆ ಒಳಗೆ ಸ್ಪಾಂಜ್ ಹಾಸಿದ ಹುಡ್ ಆದರೂ ಹಾಕಿ ಅಂತ ಬರೆದುಕೊಟ್ಟಿದ್ದೇನೆ. ಮೂರು ಸಲ ಕೊಟ್ಟಿದ್ದೇನೆ. ಹೆಡ್‌ಸೆಟ್ ಒಂದೇ ವಾರದಲ್ಲಿ ಬಂದಿತ್ತು. ಹುಡ್ ಇನ್ನೂ ಬಂದಿಲ್ಲ.

ನಮ್ಮ ಪಾಳಿಯಲ್ಲಿ ಈಗ ಅಂಕಿಯನ್ನು ಬಿಡಿಸಿಯೇ ಹೇಳುತ್ತೇವೆ. ಇಪ್ಪತ್ತು ಅಂದರೆ "ಎರಡು, ಸೊನ್ನೆ". ಮುಚ್ಚು, ಹೆಚ್ಚು ಎರಡನ್ನೂ ಬಿಟ್ಟು "ಬಂದ್ ಮಾಡು", "ತೆರೆ" ಅನ್ನುತ್ತೇವೆ. ಇದನ್ನು ಮೊದಲು ಒಪ್ಪಿದ್ದು ಅದೇ ಇನ್‌ಚಾರ್ಜ್. ಅವರ ಹತ್ತಿರ ಹೋಗಿ "ಸರ್, ಅವತ್ತು ನನಗೆ ಕೇಳಿಸಿರಲಿಲ್ಲ, ಆದರೂ ಹೂಂ ಅಂದೆ" ಅಂತ ಹೇಳಿಕೊಂಡಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ರೇಗದಿದ್ರೆ ನೀನು ಇನ್ನೊಂದ್ಸಲ ಕೇಳ್ತಿದ್ದೆ" ಅಂದರು.

ನಿನ್ನೆ ರಾತ್ರಿ ಮತ್ತೆ ದೀಪ ಮಿನುಗಿತು. ಅಂಗೈ ಕೆಳತುದಿಗೆ ಒತ್ತಿ ಕೇಳಿದೆ. "ಬೈಪಾಸ್, ಮೂರು ಐದು." ಕೈ ತೆಗೆದು "ಮೂರು ಐದು ಸರ್, ಈಗ ನಾಲ್ಕು ಸೊನ್ನೆಯಲ್ಲಿದೆ, ಬಂದ್ ಮಾಡೋ ಕಡೆಗೆ" ಅಂದೆ. ಮತ್ತೆ ಅಂಗೈ ಒತ್ತಿದೆ. "ಸರಿ, ಹೋಗು" ಅಂದರು. ಇಯರ್‌ಮಫ್ ಏರಿಸಿಕೊಂಡು ಚಕ್ರದ ಕಡೆ ಹೊರಟೆ.