ಹದಿನಾಲ್ಕನೆಯ ವಿಷಯ

ನಗರಸಭೆಯ ಅಧ್ಯಕ್ಷೆಯಾಗಿದ್ದ ಕಾಲದಲ್ಲಿ ನಮ್ಮ ಮನೆಗೆ ಎರಡು ಬಗೆಯ ಜನ ಬರುತ್ತಿದ್ದರು. ಊರವರು ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೆ ಬಂದು ಖಾತೆ, ಪಿಂಚಣಿ, ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ವಿಷಯ ಎತ್ತುತ್ತಿದ್ದರು. ಬಡಾವಣೆಯವರು ಟೈಪ್ ಮಾಡಿಸಿದ ಮನವಿ ಹಿಡಿದು ಗೇಟಿನ ಬಳಿ ನಿಂತು, ಅಂಗಳ ಗುಡಿಸುತ್ತಿದ್ದ ನನ್ನನ್ನೇ ‘ಅಧ್ಯಕ್ಷರು ಇದ್ದಾರೆಯೇ?’ ಎಂದು ಕೇಳುತ್ತಿದ್ದರು.

ಬೆಂಗಳೂರಿನ ಸುತ್ತ ಆಗ ಏಳು ನಗರಸಭೆಗಳಿದ್ದವು. ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ. ನಮ್ಮದು ಇವುಗಳಲ್ಲೊಂದು, ಯಾವುದೆಂದು ಹೇಳಿದರೆ ನಮ್ಮ ಚಿಕ್ಕಮಾವನವರ ಗುರುತು ಹತ್ತಿಬಿಡುತ್ತದೆ, ಹಾಗಾಗಿ ಹೇಳುವುದಿಲ್ಲ. ಬೆಂಗಳೂರಿನ ಮೇಯರ್‌ಗೆ ಗೌನು, ದೊಡ್ಡ ಸಭಾಂಗಣ ಎಲ್ಲ ಇತ್ತು. ನಮಗಿದ್ದದ್ದು ಸೋರುವ ಕಟ್ಟಡ, ಒಂದು ಹಳೆಯ ಅಂಬಾಸಿಡರ್ ಮತ್ತು ಸಾಲದೆ ಬರುವ ನೀರು. ಸ್ಥಾನ ಮಹಿಳೆಗೆ ಮೀಸಲಾಗಿ ಬಂದಿತ್ತು. ಆಯ್ಕೆಯಾದ ದಿನ ಮೊದಲ ಹಾರ ಬಿದ್ದದ್ದು ನಮ್ಮ ಯಜಮಾನರ ಕೊರಳಿಗೆ, ಎರಡನೆಯದೂ ಅವರಿಗೇ. ಮೂರನೆಯದನ್ನು ನಾನೇ ಕೈಚಾಚಿ ತೆಗೆದುಕೊಂಡೆ.

ಹೊಸ ಸದಸ್ಯರಿಗೆಂದು ನಡೆದ ತರಬೇತಿಯಲ್ಲಿ ನಮಗೊಂದು ಹಾಳೆ ಕೊಟ್ಟಿದ್ದರು. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿ, ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳ ಪಟ್ಟಿ. ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಮೊದಲನೆಯದು ನಗರ ಯೋಜನೆ. ಅದು ನಮ್ಮ ಕೈಗೆ ಬರಲೇ ಇಲ್ಲ. ರಸ್ತೆ ಎಲ್ಲಿ ಹೋಗಬೇಕು, ಯಾವ ಹೊಲ ನಿವೇಶನವಾಗಬೇಕು ಎಂಬುದನ್ನು ನಮಗಿಂತ ಮೇಲಿನವರು ಇಲ್ಲವೇ ನಮಗಿಂತ ಚುರುಕಾದವರು ತೀರ್ಮಾನಿಸಿ ಮುಗಿಸಿರುತ್ತಿದ್ದರು. ಹದಿನಾಲ್ಕನೆಯದು ಸ್ಮಶಾನ. ಅದು ಮಾತ್ರ ಒಂದು ಸಂಜೆ ಏಳು ಗಂಟೆಗೆ ತಾನಾಗಿ ಮನೆಬಾಗಿಲಿಗೆ ಬಂತು.

ಬಂದವರು ಬಡಾವಣೆಯವರು, ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಬಾಗಲಕೋಟೆ ಕಡೆಯ ಮನುಷ್ಯ. ‘ಅಕ್ಕಾವರೇ, ಅವ್ವ ತೀರಿಕೊಂಡಳು. ಮಣ್ಣು ಮಾಡಬೇಕು. ನಿಮ್ಮ ಊರವರು ಗುಂಡಿ ತೋಡಲು ಬಿಡುತ್ತಿಲ್ಲ’ ಎಂದರು. ಅವರು ಲಿಂಗಾಯತರು, ಸುಡುವ ಪದ್ಧತಿಯಿಲ್ಲ. ಹಾಗಾಗಿ ನಗರದ ವಿದ್ಯುತ್ ಚಿತಾಗಾರಕ್ಕೆ ಹೋಗಿ ಎಂದು ಕೈತೊಳೆದುಕೊಳ್ಳುವ ದಾರಿಯೂ ನನಗಿರಲಿಲ್ಲ.

ಅನುಮೋದನೆಯಿಲ್ಲದೆ ಹೊಲವನ್ನೇ ನಿವೇಶನವಾಗಿ ಕತ್ತರಿಸಿ ಕಂದಾಯ ಬಡಾವಣೆ ಮಾಡಿದ ಪುಣ್ಯಾತ್ಮರು ಉದ್ಯಾನಕ್ಕೇ ಜಾಗ ಬಿಟ್ಟವರಲ್ಲ, ಸ್ಮಶಾನಕ್ಕೆ ಬಿಡುತ್ತಾರೆಯೇ? ನಿವೇಶನ ಕೊಳ್ಳುವವರೂ ನೀರಿದೆಯೇ, ಬಸ್ಸಿದೆಯೇ ಎಂದು ಕೇಳುತ್ತಾರೆ. ಹೂಳುವುದೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಸಾವಾದರೆ ಹೆಣವನ್ನು ವ್ಯಾನಿನಲ್ಲಿಟ್ಟು ರಾತ್ರೋರಾತ್ರಿ ಸ್ವಂತ ಊರಿಗೆ ಹೊರಡುವುದು ವಾಡಿಕೆ. ಇತ್ತ ಊರಿನ ಸ್ಮಶಾನದಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಮೂಲೆ, ದಲಿತರಿಗೆ ಕೆರೆಯಾಚೆ. ಸತ್ತ ಮೇಲೂ ಗಡಿಕಲ್ಲು ನೋಡಿಕೊಂಡೇ ಮಲಗಬೇಕಾದ ವ್ಯವಸ್ಥೆ ಅದು, ಅದರ ಬಗ್ಗೆ ನನಗೆ ಗೌರವವೇನೂ ಇರಲಿಲ್ಲ.

ಯಜಮಾನರು ‘ನಾನು ಹೋಗಿ ಮಾತಾಡಿ ಬರುತ್ತೇನೆ, ಹೆಂಗಸರು ಹೋಗುವ ಜಾಗವಲ್ಲ’ ಎಂದರು. ಹಾರದ ನೆನಪು ಇನ್ನೂ ಹಸಿಯಾಗಿತ್ತು. ನಾನೇ ಹೊರಟೆ.

ಸ್ಮಶಾನದ ಬೇವಿನ ಮರದ ಕೆಳಗೆ ಮೂವತ್ತು ನಲವತ್ತು ಜನ ಸೇರಿದ್ದರು, ಮುಂದೆ ನಮ್ಮ ಚಿಕ್ಕಮಾವ. ಸೆರಗು ಸರಿಮಾಡಿಕೊಂಡು ನಿಂತೆ. ಅವರೆದುರು ನಾನು ಅದುವರೆಗೆ ದನಿಯೆತ್ತಿದವಳಲ್ಲ.

‘ನೋಡಮ್ಮ, ಇವತ್ತು ಒಬ್ಬರು ಬಂದರು, ನಾಳೆ ಆ ಸಾವಿರ ಮನೆಯವರೂ ಇಲ್ಲಿಗೇ ಬರುತ್ತಾರೆ. ಹೊಲ ಅವರದಾಯಿತು, ಕೆರೆಯ ನೀರು ಅವರದಾಯಿತು. ನಾವು ಸತ್ತರೆ ಎಲ್ಲಿಗೆ ಹೋಗಬೇಕು?’

ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಎಕರೆ ಲೆಕ್ಕದಲ್ಲಿ ಮಾರಿದ ಹೊಲ ಚದರಡಿ ಲೆಕ್ಕದಲ್ಲಿ ಮಾರಾಟವಾಗುವುದನ್ನು ಕಣ್ಣಾರೆ ಕಂಡವರು ಅವರು. ಪೌರಾಯುಕ್ತರು ಫೋನಿನಲ್ಲಿ ‘ಪೊಲೀಸರನ್ನು ಕಳಿಸಲೇ ಮೇಡಂ?’ ಎಂದು ಕೇಳಿದರು. ಬೇಡವೆಂದೆ. ಪೊಲೀಸರ ಕಾವಲಿನಲ್ಲಿ ತಾಯಿಯನ್ನು ಮಣ್ಣು ಮಾಡಿದವರು ಮಾರನೆಯ ಬೆಳಗ್ಗೆ ಇದೇ ಊರಿನ ಡೇರಿಯಲ್ಲಿ ಹಾಲಿಗೆ ನಿಲ್ಲಬೇಕಲ್ಲ.

ಗುಂಪಿನಲ್ಲಿ ಯಾರೋ ಕೇಳಿದರು: ‘ನಿಮ್ಮ ಕಡೆಯವರೆಲ್ಲ ಊರಿಗೇ ಒಯ್ಯುತ್ತಾರಲ್ಲ, ನೀವೇಕೆ ಒಯ್ಯಲಿಲ್ಲ?’

‘ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು’ ಎಂದರು ಆತ. ‘ಅಪ್ಪನನ್ನು ಮಣ್ಣು ಮಾಡಿದ ಹೊಲವೂ ಹೋಯಿತು. ಪುನರ್ವಸತಿ ಕೇಂದ್ರದಲ್ಲಿ ನಮ್ಮವರು ಯಾರೂ ಇಲ್ಲ.’

ಅಷ್ಟಕ್ಕೆ ಎಲ್ಲರ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಬೀಡಿ ಹಚ್ಚಿದರು, ಕೆಲವರು ನೆಲ ನೋಡಿದರು. ಚಿಕ್ಕಮಾವ ಮಾತ್ರ ಪಟ್ಟು ಬಿಡದೆ, ‘ಇದೊಂದೇ, ಮುಂದೆ ಬಡಾವಣೆಯವರಿಗೆ ಜಾಗವಿಲ್ಲ ಎಂದು ನಗರಸಭೆಯ ಕಾಗದದಲ್ಲಿ ಬರೆದುಕೊಡು’ ಎಂದರು. ಹಾಗೆ ಬರೆಯಲು ನನಗೆ ಅಧಿಕಾರವಿಲ್ಲ, ಇದ್ದರೂ ಬರೆಯುವುದಿಲ್ಲ ಎಂದೆ. ಬೇಕಾದರೆ ಇನ್ನೊಂದು ಬರೆಯುತ್ತೇನೆ: ತಿಂಗಳೊಳಗೆ ಸರ್ವೆ ಮಾಡಿಸಿ, ಪಹಣಿಯಲ್ಲಿ ಸ್ಮಶಾನವೆಂದು ಎಷ್ಟಿದೆಯೋ ಅಷ್ಟಕ್ಕೂ ನಗರಸಭೆಯಿಂದ ಬೇಲಿ ಹಾಕಿಸುತ್ತೇನೆ.

ಬೇಲಿ ಎಂಬ ಮಾತು ಗುಂಪಿಗೆ ಹಿಡಿಸಿತು. ‘ಅದು ಸರಿಯಪ್ಪ, ನಮಗೇ ಒಳ್ಳೆಯದು’ ಎಂದು ಹಿಂದಿನಿಂದ ಒಬ್ಬರು, ಪಕ್ಕದಿಂದ ಇನ್ನೊಬ್ಬರು. ಚಿಕ್ಕಮಾವನವರ ಮುಖ ಮಾತ್ರ ಗಂಟಾಯಿತು. ‘ಸರ್ವೆ ಗಿರ್ವೆ ಎಲ್ಲ ಈಗೇಕೆ? ಹೆಣ ಇಟ್ಟುಕೊಂಡು ಆ ಮಾತೇ?’ ಎಂದರು. ಅದುವರೆಗೆ ಹೆಣ ಕಾಯಿಸಿದ್ದವರೇ ಅವರು. ನನಗೆ ಅರ್ಥವಾಗಲಿಲ್ಲ. ಸ್ಕೂಟರಿನ ಸೀಟಿನ ಮೇಲೆ ಲೆಟರ್‌ಹೆಡ್ ಇಟ್ಟು ಬರೆದು ಸಹಿ ಹಾಕಿದೆ.

ಆಮೇಲೆ ಮೂರು ಗಂಟೆ ತೋಡಿದರು. ಜೆಸಿಬಿ ತರಿಸುತ್ತೇನೆಂದೆ, ಜಂಗಮರು ಒಪ್ಪಲಿಲ್ಲ. ಅಜ್ಜಿಯ ಪಾದದ ಉದ್ದಕ್ಕೆ ಕತ್ತರಿಸಿದ ಒಂದು ದಾರವನ್ನು ಅವರು ಕೈಬೆರಳಿಗೆ ಸುತ್ತಿಕೊಂಡಿದ್ದರು. ಗುಂಡಿಯ ಅಳತೆಯೆಲ್ಲ ಅದರಲ್ಲೇ, ಒಂಬತ್ತು ಪಾದ ಎಂದು ಎಣಿಸುತ್ತ. ಒಂದು ಬದಿಯಲ್ಲಿ ಕೂರಿಸಲು ಗೂಡು. ನಮ್ಮ ಕಡೆಯವರಿಗೆ ಇದು ಹೊಸದು. ಜಗಳಕ್ಕೆ ಬಂದಿದ್ದ ಹುಡುಗರೇ ಟಾರ್ಚ್ ಹಿಡಿದು ಬಗ್ಗಿ ನೋಡುತ್ತ, ‘ಮಲಗಿಸುವುದಿಲ್ಲವೇ ಸ್ವಾಮಿ?’ ಎಂದು ವಿಚಾರಿಸತೊಡಗಿದರು. ಕೊನೆಗೆ ಅವರಲ್ಲಿಬ್ಬರು ಒಳಗಿಳಿದು ಗುದ್ದಲಿಯನ್ನೂ ಹಿಡಿದರು. ಅಜ್ಜಿ ಹಣೆ ತುಂಬ ವಿಭೂತಿ ಧರಿಸಿ, ಹೂವಿನ ಮಂಟಪದಲ್ಲಿ ಕೂತೇ ಬಂದರು. ಬಿಲ್ವಪತ್ರೆ, ಉಪ್ಪು, ವಿಭೂತಿ ಗಟ್ಟಿ, ಮೇಲೆ ಮಣ್ಣು. ಮುಗಿದಾಗ ನಡುರಾತ್ರಿ ದಾಟಿತ್ತು.

ತಾಲ್ಲೂಕು ಕಚೇರಿಯ ಸರ್ವೇಯರ್ ಬಂದು ಸರಪಳಿ ಎಳೆದ ದಿನ ಚಿಕ್ಕಮಾವನವರ ಗಂಟುಮುಖದ ಗುಟ್ಟು ಒಡೆಯಿತು. ಪಹಣಿಯಲ್ಲಿ ಸ್ಮಶಾನ ಎರಡು ಎಕರೆ ಹತ್ತು ಗುಂಟೆ. ನೆಲದ ಮೇಲೆ ಉಳಿದಿದ್ದದ್ದು ಒಂದು ಎಕರೆ ಮೂವತ್ತೊಂದು. ಕಾಣೆಯಾದ ಹತ್ತೊಂಬತ್ತು ಗುಂಟೆಯಲ್ಲಿ ಹನ್ನೊಂದು ಗುಂಟೆ ನಮ್ಮದೇ ಮನೆತನದ ರಾಗಿ ಹೊಲದೊಳಗಿತ್ತು, ಪೈರು ಮೊಳಕಾಲೆತ್ತರ ಬೆಳೆದಿತ್ತು. ಪೈರು ಕೊಯ್ಯುವವರೆಗೆ ಕಾಯೋಣ ಎಂದು ತಹಶೀಲ್ದಾರರನ್ನು ಕೇಳಿಕೊಂಡೆ. ಕೊಯ್ದ ವಾರಕ್ಕೆ ಕಲ್ಲು ನೆಡಿಸಿದೆ. ಸಾಮಾನ್ಯ ಸಭೆಯಲ್ಲಿ ಬೇಲಿಯ ಖರ್ಚು ಒಪ್ಪಿಸಲು ಪಟ್ಟ ಪಾಡು ಬೇರೆ. ‘ಬದುಕಿರುವವರಿಗೆ ಚರಂಡಿಯಿಲ್ಲ, ಸತ್ತವರಿಗೆ ಬೇಲಿಯೇ?’ ಎಂದು ಸದಸ್ಯರೊಬ್ಬರು ಮೇಜು ಗುದ್ದಿದರು. ಚರಂಡಿ ಅವರ ವಾರ್ಡಿನದು, ಆ ಕೋಪ ನ್ಯಾಯವಾದದ್ದೇ.

2007ರಲ್ಲಿ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ ನೂರಕ್ಕೂ ಹೆಚ್ಚು ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಚುನಾವಣೆ ನಡೆದದ್ದು 2010ರಲ್ಲಿ. ನಡುವಿನ ವರ್ಷಗಳಲ್ಲಿ ಚುನಾಯಿತ ಸದಸ್ಯರೇ ಇಲ್ಲದಿದ್ದರೂ ಜನ ಅಭ್ಯಾಸಬಲದಿಂದ ನನ್ನ ಮನೆಗೇ ಬರುತ್ತಿದ್ದರು. ನನ್ನಲ್ಲಿ ಲೆಟರ್‌ಹೆಡ್ ಕೂಡ ಇರಲಿಲ್ಲ. ದೊಡ್ಡ ಪಾಲಿಕೆಗೆ ದುಡ್ಡು ಹೆಚ್ಚಿತ್ತು, ಒಪ್ಪುತ್ತೇನೆ. ನಮ್ಮ ನಗರಸಭೆ ಅಂಥ ಘನಕಾರ್ಯವನ್ನೇನೂ ಮಾಡಿರಲಿಲ್ಲ. ಆದರೆ ಬೇವಿನ ಮರದ ಕೆಳಗೆ ಯಾರು ನಿಂತಿರುತ್ತಾರೆ, ಅವರ ಹೊಲ ಯಾವ ದಿಕ್ಕಿಗಿದೆ ಎಂದು ತಿಳಿದವರು ಅಲ್ಲಿ ಯಾರಿದ್ದರು?

ಕಲ್ಲು ನೆಟ್ಟ ಮೇಲೆ ಚಿಕ್ಕಮಾವ ನನ್ನೊಡನೆ ಮಾತು ಬಿಟ್ಟರು. ಬೇಸಗೆಯಲ್ಲಿ ಅವರ ಮಗಳ ಮದುವೆ ಬಂತು. ಒಂದು ಬೆಳಗ್ಗೆ, ಹಿತ್ತಲಿನಿಂದಲ್ಲ, ಗೇಟಿನ ಕಡೆಯಿಂದ ಬಂದು ನಿಂತು, ‘ಅಧ್ಯಕ್ಷರು ಇದ್ದಾರೆಯೇ?’ ಎಂದು ಗಟ್ಟಿಯಾಗಿ ಕೂಗಿದರು. ಚಪ್ಪರಕ್ಕೆ ನಗರಸಭೆಯ ಎರಡು ಟ್ಯಾಂಕರ್ ನೀರು ಬೇಕಿತ್ತು. ಕಳಿಸಿದೆ. ಜೊತೆಗೆ ಬಿಲ್ಲನ್ನೂ ಕಳಿಸಿದೆ.